ಅಕ್ಷಹೃದಯದ ಬಲ ಅತಿಯಾಯಿತೆ?

ಬ್ಯಾಡಗಿಯ ಹೆಸರು ಕೇಳಿದೊಡನೆ ಕೆಂಪು ಮೆಣಸಿನಕಾಯಿಯ ರಾಶಿ ಕಣ್ಣ ಮುಂದೆ ಬರುವುದು ಸಹಜ. ಆದರೆ ಅದೇ ತಾಲೂಕಿನ ಕಾಗಿನೆಲೆಗೂ ಜೂಜಿನ ಕಥೆಯೊಂದಕ್ಕೂ ನಂಟು ಉಂಟೆಂಬುದನ್ನು ಎಷ್ಟು ಮಂದಿ ನೆನೆಯುತ್ತಾರೋ! ಕಾಗಿನೆಲೆಯ ಆದಿಕೇಶವನನ್ನು ಅಂಕಿತವಾಗಿ ಹೊತ್ತ ಕನಕದಾಸರು ಇಂದಿನ ಹಾವೇರಿ ಜಿಲ್ಲೆಯ ಬಾಡದವರು. ಕೀರ್ತನೆಗಳಿಂದ ಮನೆಮಾತಾದ ಅವರು ಭಾಮಿನಿ ಷಟ್ಪದಿಯಲ್ಲಿ ‘ನಳಚರಿತ್ರೆ’ಯೆಂಬ ಕಾವ್ಯವನ್ನೂ ರಚಿಸಿದ್ದಾರೆ. ದಮಯಂತಿಯ ಕಣ್ಣೀರಿಗಾಗಿ ಆ ಕಥೆಯನ್ನು ಓದುವವರೇ ಹೆಚ್ಚು. ಆಟದಲ್ಲಿ ಆಸಕ್ತಿಯುಳ್ಳವರು ಮಾತ್ರ ಇನ್ನೊಂದು ತೊಡಕಿನ ಬಳಿ ನಿಲ್ಲಬೇಕಾಗುತ್ತದೆ. ನಳನು ಕಲಿತ ‘ಅಕ್ಷಹೃದಯ’ವೆಂಬ ವಿದ್ಯೆ ದಾಳದಾಟಕ್ಕೆ ತಕ್ಕ ಮಂತ್ರವೆ, ಅಥವಾ ಆಟವನ್ನೇ ಕೊಲ್ಲುವ ಮಂತ್ರವೆ?

ಕಥೆ ಎಲ್ಲರೂ ಬಲ್ಲದ್ದೇ. ಕಲಿಪುರುಷನು ನಳನ ಮೈಯನ್ನು ಹೊಕ್ಕನು. ದ್ವಾಪರನು ದಾಳಗಳನ್ನು ಹೊಕ್ಕನು. ಪುಷ್ಕರನೊಡನೆ ತಿಂಗಳುಗಟ್ಟಲೆ ಆಡಿದ ನಳನು ರಾಜ್ಯಕೋಶಗಳನ್ನೆಲ್ಲ ಸೋತು ಉಟ್ಟ ಬಟ್ಟೆಯಲ್ಲಿ ಕಾಡಿಗೆ ನಡೆದನು. ಮುಂದೆ ಅವನು ಬಾಹುಕನೆಂಬ ಹೆಸರಿನಿಂದ ಅಯೋಧ್ಯೆಯ ಋತುಪರ್ಣನ ಸಾರಥಿಯಾಗುತ್ತಾನೆ. ಕುಂಡಿನಪುರದ ದಾರಿಯಲ್ಲಿ ನಡೆದ ಪ್ರಸಂಗವನ್ನು ವ್ಯಾಸಭಾರತದ ಅರಣ್ಯಪರ್ವ ಬಲು ಸೊಗಸಾಗಿ ಹೇಳುತ್ತದೆ. ಓಡುವ ರಥದಲ್ಲಿ ಕುಳಿತ ಋತುಪರ್ಣನು ದಾರಿಬದಿಯ ತಾರೆಮರವೊಂದನ್ನು ನೋಡಿ, ಅದರ ಎರಡು ಕೊಂಬೆಗಳಲ್ಲಿ ಐದು ಕೋಟಿ ಎಲೆಗಳೂ 2095 ಕಾಯಿಗಳೂ ಇವೆಯೆಂದು ನುಡಿಯುತ್ತಾನೆ. ನಂಬದ ನಳನು ರಥ ನಿಲ್ಲಿಸಿ, ಮರ ಕಡಿದು ಎಣಿಸುತ್ತಾನೆ. ಲೆಕ್ಕ ಸರಿಯಾಗಿರುತ್ತದೆ! ಆಗ ನಡೆದದ್ದು ವಿನಿಮಯ. ಋತುಪರ್ಣನಿಗೆ ಕುದುರೆಗಳ ಮರ್ಮವಾದ ಅಶ್ವಹೃದಯ, ನಳನಿಗೆ ದಾಳಗಳ ಮರ್ಮವಾದ ಅಕ್ಷಹೃದಯ.

ಎಲೆ ಎಣಿಸುವುದಕ್ಕೂ ಜೂಜಿಗೂ ಏನು ಸಂಬಂಧವೆಂದು ಕೇಳಬಹುದು. ಉತ್ತರ ಆ ಮರದಲ್ಲೇ ಇದೆ. ಇಂದು ತ್ರಿಫಲಾ ಚೂರ್ಣಕ್ಕೆ ಬೀಳುವ ಈ ತಾರೆಕಾಯಿಗಳೇ ವೇದಕಾಲದ ದಾಳಗಳು. ಸಂಸ್ಕೃತದಲ್ಲಿ ಅವಕ್ಕೆ ವಿಭೀತಕವೆಂದು ಹೆಸರು. ವಿದ್ವಾಂಸರು ಊಹಿಸುವಂತೆ, ರಾಶಿಯಿಂದ ಬಾಚಿದ ಕಾಯಿಗಳನ್ನು ನಾಲ್ಕು ನಾಲ್ಕಾಗಿ ಎಣಿಸಿದಾಗ ಏನೂ ಉಳಿಯದಿದ್ದರೆ ‘ಕೃತ’, ಅದೇ ಗೆಲ್ಲುವ ಗರ. ಮೂರು ಉಳಿದರೆ ತ್ರೇತಾ, ಎರಡು ಉಳಿದರೆ ದ್ವಾಪರ, ಒಂದು ಉಳಿದರೆ ಕಲಿ. (ಋತುಪರ್ಣನ 2095ನ್ನು ಭಾಗಿಸಿ ನೋಡಿ, ಮೂರು ಉಳಿಯುತ್ತದೆ.) ನಳನನ್ನು ಕಾಡಿದ ಇಬ್ಬರ ಹೆಸರುಗಳೂ ಸೋಲುವ ಗರಗಳ ಹೆಸರುಗಳೇ ಎಂಬುದು ಆಕಸ್ಮಿಕವಿರಲಾರದು. ಇಂಥ ಆಟದಲ್ಲಿ ರಾಶಿಯನ್ನು ಕಂಡ ಕ್ಷಣವೇ ಎಣಿಕೆ ತಿಳಿದವನನ್ನು ಗೆಲ್ಲುವವರಾರು? ಸಂಭಾವ್ಯತಾ ಗಣಿತದ ಇತಿಹಾಸವನ್ನು ಕುರಿತು 1975ರಲ್ಲಿ ಗ್ರಂಥ ಪ್ರಕಟಿಸಿದ ಇಯಾನ್ ಹ್ಯಾಕಿಂಗ್ ಅವರೂ ಈ ಮರದ ನೆರಳಿನಲ್ಲಿ ಒಂದಿಷ್ಟು ನಿಂತಿದ್ದಾರೆ.

ಒಂದು ಪಕ್ಷದವರು ಹೇಳಬಹುದು: ಇದು ಮಂತ್ರವೇ ಅಲ್ಲ, ವಿದ್ಯೆ. ನಳನು ಬೆಲೆ ತೆತ್ತು ಕಲಿತದ್ದು. ಮೇಲಾಗಿ ಮೊದಲ ಆಟದಲ್ಲಿ ಮೋಸ ಮಾಡಿದವರು ಎದುರಿನವರು. ಮಾತು ನ್ಯಾಯವೇ. ಆದರೆ ಎರಡನೆಯ ಆಟವನ್ನು ನೋಡಿ. ದ್ಯೂತವೋ, ರಥವೇರಿ ದ್ವಂದ್ವವೋ, ಬೇಕಾದ್ದನ್ನು ಆರಿಸಿಕೋ ಎಂದು ನಳನು ಕೇಳುತ್ತಾನೆ. ದಮಯಂತಿಯೂ ತನ್ನವಳಾಗುವಳೆಂಬ ದುರಾಸೆಯಿಂದ ಪುಷ್ಕರನು ನಗುತ್ತ ದಾಳವನ್ನೇ ಹಿಡಿಯುತ್ತಾನೆ. ಒಂದೇ ಪಣ, ಎಲ್ಲವೂ ಮುಗಿದುಹೋಗುತ್ತದೆ. ಎದುರಾಳಿಯ ಕೈಯಲ್ಲಿ ಏನಿದೆಯೆಂದು ಅವನಿಗೆ ಗೊತ್ತಿಲ್ಲ. ಗೊತ್ತಿದ್ದರೂ ಅದಕ್ಕೆ ಅವನ ಬಳಿ ಪ್ರತಿಯಿಲ್ಲ. ನನ್ನ ಮಟ್ಟಿಗೆ ಕಥೆಯಲ್ಲಿ ಇದು ಧರ್ಮ. ಆಟದಲ್ಲಿ ಇದು ಆಟವೇ ಅಲ್ಲ. ಗೆದ್ದ ನಳನು ತಮ್ಮನನ್ನು ಕ್ಷಮಿಸಿ ಅವನ ಪಾಲನ್ನು ಹಿಂದಿರುಗಿಸಿದನಲ್ಲ, ಅವನಿಗೂ ಹಾಗೆಯೇ ಅನ್ನಿಸಿತ್ತೋ ಏನೋ!

ಕಥೆಯೂ ಆಟವೂ ಒಂದೇ ಮೇಜಿನ ಮೇಲೆ ಕೂಡಿದರೆ? ಅಂಥ ಆಟವೂ ಒಂದಿದೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ನಲ್ಲಿ ನಾಲ್ಕೈದು ಗೆಳೆಯರು ಸುತ್ತ ಕುಳಿತು, ಒಬ್ಬ ಮಂತ್ರವಾದಿ, ಒಬ್ಬ ಕತ್ತಿಯ ವೀರ ಎಂದು ಪಾತ್ರ ಹಂಚಿಕೊಂಡು ಮಾತಿನಲ್ಲೇ ಕಥೆ ನಡೆಸುತ್ತಾರೆ. ನಮ್ಮ ಬಯಲಾಟದ ಭಾಗವತರಂತೆ ಸೂತ್ರ ಹಿಡಿದವನೊಬ್ಬನಿರುತ್ತಾನೆ. ತೀರ್ಪು ಮಾತ್ರ ಇಪ್ಪತ್ತು ಮುಖದ ದಾಳದ್ದು. ಬೆಂಗಳೂರಿನ ತರುಣ ತರುಣಿಯರಲ್ಲೂ ಇದರ ಗೀಳು ಹತ್ತಿದವರಿದ್ದಾರೆ.

2021ರ ಡಿಸೆಂಬರಿನಲ್ಲಿ ಈ ಆಟದ ಹೊಸ ಪುಸ್ತಕವೊಂದು ‘ಸಿಲ್ವರಿ ಬಾರ್ಬ್ಸ್’ ಎಂಬ ಪುಟ್ಟ ಮಂತ್ರವನ್ನು ತಂದಿತು. ಎದುರಾಳಿಯ ದಾಳ ಗೆದ್ದಿತೋ, ಮಂತ್ರವಾದಿ ನಡುವೆ ಬಾಯಿ ಹಾಕಿ ‘ಮತ್ತೆ ಹಾಕು’ ಎನ್ನಬಹುದು. ಎರಡು ಗರಗಳಲ್ಲಿ ಕಡಿಮೆಯದೇ ನಿಲ್ಲುತ್ತದೆ. ಸಾಲದೆಂಬಂತೆ, ತನಗೋ ಜೊತೆಗಾರನಿಗೋ ಮುಂದಿನ ಗರದಲ್ಲಿ ಅನುಕೂಲ ಬೇರೆ. ಮಂತ್ರಗಳ ಒಂಬತ್ತು ಮೆಟ್ಟಿಲುಗಳಲ್ಲಿ ಇದು ಮೊದಲನೆಯದು! ಕೂಡಲೇ ಆಟಗಾರರಲ್ಲಿ ವಾದವೆದ್ದಿತು. ಲೆಕ್ಕ ಹಾಕಿ ನೋಡೋಣ. ನೂರಕ್ಕೆ 50 ಸಲ ಪಾರಾಗುವ ರಾಕ್ಷಸನು ಈ ಮಂತ್ರ ಬಿದ್ದರೆ ಪಾರಾಗುವುದು 25 ಸಲ ಮಾತ್ರ; 75 ಸಲ ಪಾರಾಗುವವನು ಸುಮಾರು 56 ಸಲ. ಒಂಬತ್ತನೆಯ ಮೆಟ್ಟಿಲಿನ ಮಹಾಮಂತ್ರ ತಪ್ಪಿಹೋಗುವಾಗಲೂ ಈ ಪುಟ್ಟದು ಅದನ್ನು ಹಿಡಿದು ನಿಲ್ಲಿಸಬಹುದು.

ಸಮರ್ಥಕರ ಮಾತಿನಲ್ಲೂ ತಿರುಳಿದೆ. ಈ ಮಂತ್ರ ನುಡಿದವನು ತನ್ನ ಮುಂದಿನ ಸರದಿಯವರೆಗೆ ಮತ್ತೆ ನಡುವೆ ಬಾಯಿ ಹಾಕುವಂತಿಲ್ಲ. ತನ್ನ ಪ್ರಾಣ ಕಾಯುವ ಗುರಾಣಿಮಂತ್ರವನ್ನೂ ಆಗ ನುಡಿಯಲಾರ. ಅಕ್ಷಹೃದಯಕ್ಕಿಲ್ಲದ ಬೆಲೆ ಇಲ್ಲಿದೆ. ಆದರೂ ನನಗೆ ಕಾಣುವ ಕೊರತೆ ಅಂಕಿಯದಲ್ಲ. ಗೆದ್ದ ಪ್ರತಿ ಗರದ ಹಿಂದೆಯೂ ‘ತಡೆಯಿರಿ’ ಎಂಬ ಕೂಗು ಬಂದರೆ ದಾಳ ಬಿದ್ದಾಗಿನ ಹರ್ಷವೇ ಬತ್ತುತ್ತದೆ. ಕತ್ತಿ ಹಿಡಿದ ಪಾತ್ರವನ್ನು ಆರಿಸಿಕೊಂಡ ಗೆಳತಿ ಸಂಜೆಯೆಲ್ಲ ಮಂತ್ರವಾದಿಗಳ ಲೆಕ್ಕಾಚಾರ ಕೇಳುತ್ತ ಕೂರಬೇಕಾಗುತ್ತದೆ. ಅವಳು ಮುಂದಿನ ವಾರ ಬಾರದಿದ್ದರೆ ಆಟ ಉಳಿದೀತೆ? ಕೆಲವು ಕೂಟಗಳು ಈ ಮಂತ್ರವನ್ನು ಹೊರಗಿಟ್ಟಿರುವುದು ಆಶ್ಚರ್ಯವಲ್ಲ. ಪ್ರಕಾಶಕರೂ ಇಂಥ ದೂರುಗಳಿಗೆ ಕಿವುಡರೇನಲ್ಲ. ಎದುರಿನವನ ಮಂತ್ರವನ್ನು ಕತ್ತರಿಸುವ ‘ಕೌಂಟರ್‌ಸ್ಪೆಲ್’ ಮೊದಲು ಮೂರನೆಯ ಮೆಟ್ಟಿಲಿನವರೆಗಿನ ಯಾವ ಮಂತ್ರವನ್ನಾದರೂ ತಾನಾಗಿ ಕೆಡಿಸುತ್ತಿತ್ತು. 2024ರ ಪರಿಷ್ಕರಣೆಯಲ್ಲಿ ಎದುರಿನವನಿಗೂ ದಾಳ ಹಾಕಿ ಉಳಿಯುವ ಅವಕಾಶ ದೊರೆಯಿತು.

ನಮ್ಮ ಮನೆಗಳಲ್ಲಿ ಪರಿಷ್ಕರಣೆಗೆ ಪುಸ್ತಕ ಬೇಕಾಗಿಲ್ಲ. ಚೌಕಾಬಾರದ ನಾಲ್ಕು ಕವಡೆಗಳೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಎಂಟರ ಬಾರ. ಎರಡಕ್ಕೂ ಇನ್ನೊಂದು ಸರದಿ. ಕವಡೆ ಎರಡು ಕಡೆಗೂ ಸಮವಾಗಿ ಬೀಳುವುದೆಂದು ಹಿಡಿದರೆ ಎಂಟು ಸಲಕ್ಕೊಮ್ಮೆ ಈ ಭಾಗ್ಯ. ಅದಕ್ಕೆ ಅಂಕೆಯಾಗಿ ಹಲವು ಮನೆಗಳಲ್ಲಿ ಮೂರನೆಯ ಸಲ ಸಾಲಾಗಿ ಬಿದ್ದರೆ ಎಲ್ಲವೂ ಸುಟ್ಟಿತೆಂಬ ಕಟ್ಟಳೆ ಇದೆ. ಲೆಕ್ಕಕ್ಕೆ ಅದು 512ರಲ್ಲಿ ಒಮ್ಮೆ ಬರುವ ಸಂಗತಿ. ಆದರೆ ಎರಡನೆಯ ಬಾರ ಬಿದ್ದಾಗ ಎದುರು ಕುಳಿತ ಮಗುವಿನ ಕಣ್ಣಲ್ಲಿ ಆಸೆ ಮೂಡುವುದು ಆ ಕಟ್ಟಳೆಯಿಂದಲೇ. ಇನ್ನು ಕೆಲವರು ಸುಡುವುದೇ ಇಲ್ಲ, ಬಿದ್ದಷ್ಟೂ ನಡೆಸುತ್ತಾರೆ. ಆದ್ದರಿಂದ ಬೇಸಿಗೆ ರಜೆಗೆ ಹಾವೇರಿಯ ಅಜ್ಜಿಯ ಮನೆಯಲ್ಲಿ ಬೇರೆ ಬೇರೆ ಊರುಗಳ ಮಕ್ಕಳು ಕೂಡಿದಾಗ, ಕವಡೆ ಕುಲುಕುವುದಕ್ಕೆ ಮೊದಲು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ‘ನಿಮ್ಮಲ್ಲಿ ಮೂರಕ್ಕೆ ಸುಡುತ್ತದೆಯೋ ಇಲ್ಲವೋ?’