‘ಬೋ’ ಮತ್ತು ‘ಬೌ’: ಒಂದು ಇಂಗ್ಲಿಷ್ ಪದರೂಪದ ಉಚ್ಚಾರಣೆ ಹಾಗೂ ಅರ್ಥವಿಸ್ತಾರ

ಇಂಗ್ಲಿಷಿನ ಬರಹವು ಉಚ್ಚಾರಣೆಯನ್ನು ನಿಷ್ಠೆಯಿಂದ ಅನುಸರಿಸುವುದಿಲ್ಲವೆಂಬುದು ಕನ್ನಡದ ಓದುಗರಿಗೆ ಹೊಸ ಸಂಗತಿಯಲ್ಲ. ಆದರೆ ಈ ಅಂತರವು ಕೇವಲ ಉಚ್ಚಾರಣೆಯ ತೊಡಕಾಗಿ ಉಳಿಯುವುದಿಲ್ಲ. ಒಂದು ಪದರೂಪದ ಹಿಂದೆ ಎಷ್ಟು ಪದಗಳಿವೆ, ಅವುಗಳ ನಡುವೆ ಸಂಬಂಧವಿದೆಯೇ ಎಂಬ ಮೂಲಭೂತ ಪ್ರಶ್ನೆಯನ್ನೂ ಅದು ಎತ್ತುತ್ತದೆ. ಬಿ, ಓ, ಡಬ್ಲ್ಯು ಎಂಬ ಮೂರು ಅಕ್ಷರಗಳಿಂದ ಬರೆಯಲಾಗುವ ಪದರೂಪವು ಇದಕ್ಕೊಂದು ಉತ್ತಮ ನಿದರ್ಶನ. ‘ಬೋ’ ಎಂದು ಉಚ್ಚರಿಸಿದರೆ ಅದು ಬಿಲ್ಲು. ‘ಬೌ’ ಎಂದು ಉಚ್ಚರಿಸಿದರೆ ತಲೆಬಾಗುವ ಕ್ರಿಯೆ. ಅದೇ ‘ಬೌ’ ಹಡಗಿನ ಮುಂಭಾಗಕ್ಕೂ ಹೆಸರು. ಈ ಮೂರರ ಚರಿತ್ರೆಯನ್ನು ಪರಿಶೀಲಿಸಿದಾಗ, ಪದಗಳ ಬಾಂಧವ್ಯವನ್ನು ಬರಹದಿಂದಾಗಲಿ ಉಚ್ಚಾರಣೆಯಿಂದಾಗಲಿ ನಿರ್ಣಯಿಸಲಾಗದೆಂಬುದು ಸ್ಪಷ್ಟವಾಗುತ್ತದೆ.

ಮೊದಲು ಅರ್ಥಗಳ ವ್ಯಾಪ್ತಿಯನ್ನು ಗಮನಿಸಬಹುದು. ‘ಬೋ’ ಎಂಬುದರ ಮುಖ್ಯಾರ್ಥ ಬಾಣವನ್ನು ಹೂಡುವ ಬಿಲ್ಲು. ಪಿಟೀಲನ್ನು ನುಡಿಸುವ ಕಮಾನಿಗೂ ಇದೇ ಹೆಸರು. ರಿಬ್ಬನ್ನಿನ ಎರಡು ಕುಣಿಕೆಗಳು ಬಾಗಿ ನಿಲ್ಲುವಂತೆ ಹಾಕುವ ಗಂಟು ಕೂಡ ‘ಬೋ’. ‘ಬೋ ಟೈ’ ಎಂಬ ಮಾತು ಹುಟ್ಟಿದ್ದು ಇದರಿಂದಲೇ. ‘ರೇನ್‌ಬೋ’ ಎಂಬಲ್ಲಿ ಅದು ಮಳೆಯ ಬಿಲ್ಲು. ‘ಎಲ್ಬೋ’ ಎಂಬಲ್ಲಿ ಮುಂಗೈಯ ಬಾಗು, ಅರ್ಥಾತ್ ಮೊಳಕೈ. ಇವೆಲ್ಲವುಗಳಲ್ಲಿಯೂ ಬಾಗಿದ ಆಕಾರವೇ ಸಮಾನವಾದ ಅರ್ಥಬೀಜ. ಕನ್ನಡದಲ್ಲಿಯೂ ಇಂತಹ ವಿಸ್ತರಣೆ ನಡೆದಿದೆ. ಪಾರಸಿಯಲ್ಲಿ ಬಿಲ್ಲು ಎಂಬರ್ಥದ ‘ಕಮಾನ್’ ಪದವು ಕನ್ನಡಕ್ಕೆ ಬಂದು ಕಟ್ಟಡದ ಕಮಾನನ್ನೂ ಪಿಟೀಲಿನ ಕಮಾನನ್ನೂ ಸೂಚಿಸುತ್ತದೆ. ಮಳೆಯ ಬಿಲ್ಲು ‘ಕಾಮನಬಿಲ್ಲು’ ಆಗಿದೆ. ಆದುದರಿಂದ ಇದು ಒಂದೇ ಪದವು ಅನೇಕಾರ್ಥಗಳನ್ನು ಪಡೆದ ಸಂದರ್ಭ.

‘ಬೌ’ ಎಂಬ ಕ್ರಿಯಾಪದಕ್ಕೆ ಗೌರವದಿಂದ ತಲೆಬಾಗುವುದು ಎಂಬುದು ಪ್ರಧಾನ ಅರ್ಥ. ಅಲ್ಲಿಂದ ಒತ್ತಡಕ್ಕೆ ಮಣಿಯುವುದು ಎಂಬ ಲಾಕ್ಷಣಿಕಾರ್ಥ ಬೆಳೆದಿದೆ. ‘ಬೌ ಔಟ್’ ಎಂದರೆ ಸ್ಪರ್ಧೆಯಿಂದ ಅಥವಾ ಹೊಣೆಯಿಂದ ಹಿಂದೆ ಸರಿಯುವುದು. ‘ಟೇಕ್ ಎ ಬೌ’ ಎಂದರೆ ಕಲಾವಿದರು ಪ್ರದರ್ಶನದ ಕೊನೆಯಲ್ಲಿ ಸಭೆಗೆ ವಂದಿಸಿ ಮೆಚ್ಚುಗೆಯನ್ನು ಸ್ವೀಕರಿಸುವುದು. ನೌಕಾಯಾನದ ಪರಿಭಾಷೆಯಲ್ಲಿ ಮಾತ್ರ ‘ಬೌ’ ಎಂಬುದು ಹಡಗಿನ ಮುಂಭಾಗ. ‘ಬೋಮನ್’ ಬಿಲ್ಲುಗಾರನಾದರೆ, ಅದೇ ಅಕ್ಷರಗಳ ‘ಬೌಮನ್’ ದೋಣಿಯ ಮುಂತುದಿಯಲ್ಲಿ ಕುಳಿತು ಹುಟ್ಟುಹಾಕುವವನು. ವಾಕ್ಯದ ಸಂದರ್ಭವನ್ನು ಅರಿಯದೆ ಇಲ್ಲಿ ಉಚ್ಚಾರಣೆಯನ್ನು ನಿರ್ಧರಿಸುವುದು ಸಾಧ್ಯವಿಲ್ಲ.

ಒಂದೇ ಬರಹಕ್ಕೆ ಎರಡು ಉಚ್ಚಾರಣೆಗಳು ಒದಗಿದ್ದು ಹೇಗೆ? ಪ್ರಾಚೀನ ಇಂಗ್ಲಿಷಿನಲ್ಲಿ ಬಿಲ್ಲಿಗೆ ‘ಬೊಗ’ ಎಂಬ ರೂಪವೂ ಬಾಗುವುದಕ್ಕೆ ‘ಬೂಗನ್’ ಎಂಬ ರೂಪವೂ ಇದ್ದವು. ಮೊದಲನೆಯದರಲ್ಲಿ ಸ್ವರದ ನಂತರದ ಗಕಾರವು ಸಡಿಲಗೊಂಡು ವಕಾರಸದೃಶ ಧ್ವನಿಯಾಗಿ, ಹಿಂದಿನ ಒಕಾರದೊಡನೆ ಸೇರಿ ಸಂಧ್ಯಕ್ಷರವಾಯಿತು. ಅದನ್ನು ಓ, ಡಬ್ಲ್ಯು ಅಕ್ಷರಗಳಿಂದ ಬರೆದದ್ದು ಸಹಜವೇ ಆಗಿತ್ತು. ಎರಡನೆಯದರಲ್ಲಿ ದೀರ್ಘ ಊಕಾರ ಉಳಿಯಿತು. ಆದರೆ 1066ರ ನಾರ್ಮನ್ ವಿಜಯದ ನಂತರ ಫ್ರೆಂಚ್ ಬರಹಪದ್ಧತಿಯ ಪ್ರಭಾವದಿಂದ ಲಿಪಿಕಾರರು ದೀರ್ಘ ಊಕಾರವನ್ನು ಓ, ಯು ಅಥವಾ ಓ, ಡಬ್ಲ್ಯು ಎಂಬ ಜೋಡಿ ಅಕ್ಷರಗಳಿಂದ ಬರೆಯತೊಡಗಿದರು. ಹೀಗೆ ಎರಡು ಭಿನ್ನ ಧ್ವನಿಗಳು ಒಂದೇ ಅಕ್ಷರಜೋಡಿಯ ಆಶ್ರಯ ಪಡೆದವು.

ಮುಂದೆ ಸುಮಾರು 15ನೆಯ ಶತಮಾನದಿಂದ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಸ್ಥಾನಪಲ್ಲಟ ಹೊಂದಿದವು. ಡೆನ್ಮಾರ್ಕಿನ ಭಾಷಾವಿಜ್ಞಾನಿ ಆಟೊ ಯೆಸ್ಪರ್ಸನ್ ‘ಮಹಾ ಸ್ವರಪಲ್ಲಟ’ ಎಂದು ಹೆಸರಿಸಿದ ಈ ಬದಲಾವಣೆಯಲ್ಲಿ ಊಕಾರವು ಔಕಾರವಾಯಿತು. ‘ಕೂ’ ಎಂಬುದು ‘ಕೌ’ (ಹಸು), ‘ಹೂ’ ಎಂಬುದು ‘ಹೌ’ (ಹೇಗೆ), ‘ನೂ’ ಎಂಬುದು ‘ನೌ’ (ಈಗ) ಎಂದಾದಂತೆ, ‘ಬೂಗನ್’ ಎಂಬುದರ ಮುಂದಿನ ರೂಪವೂ ‘ಬೌ’ ಎಂದಾಯಿತು. ಬಿಲ್ಲಿನ ಸಂಧ್ಯಕ್ಷರವು ಬೇರೆ ದಾರಿ ಹಿಡಿದು ‘ಬೋ’ ಆಯಿತು. ವಿಲಿಯಂ ಕ್ಯಾಕ್ಸ್ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದಾಗ ಈ ಪಲ್ಲಟ ಇನ್ನೂ ಪೂರ್ಣಗೊಂಡಿರಲಿಲ್ಲ. ಮುದ್ರಣವು ಕ್ರಮೇಣ ಬರಹವನ್ನು ಸ್ಥಿರಗೊಳಿಸಿತು. ಉಚ್ಚಾರಣೆ ಮಾತ್ರ ಮುಂದೆ ಸಾಗಿತು. ಸಾಲು ಎಂಬರ್ಥದ ‘ರೋ’ ಮತ್ತು ಜಗಳ ಎಂಬರ್ಥದ ‘ರೌ’, ಬಿತ್ತು ಎಂಬರ್ಥದ ‘ಸೋ’ ಮತ್ತು ಹೆಣ್ಣುಹಂದಿ ಎಂಬರ್ಥದ ‘ಸೌ’ ಕೂಡ ಇದೇ ರೀತಿ ಒಂದೇ ಬರಹದ ಜೋಡಿಗಳು.

ಹಡಗಿನ ‘ಬೌ’ ಈ ವಂಶಕ್ಕೆ ಸೇರಿದುದೇ ಅಲ್ಲ. ಅದು ಉತ್ತರ ಸಮುದ್ರದ ನಾವಿಕರ ಭಾಷೆಗಳಿಂದ ಇಂಗ್ಲಿಷಿಗೆ ಬಂದ ಪದ. ಡಚ್ ಭಾಷೆಯ ‘ಬೂಖ್’ ಅದರ ಜ್ಞಾತಿ. ಮೂಲಾರ್ಥ ಭುಜ. ಹಡಗಿನ ಮುಂಭಾಗದ ಎರಡು ಬದಿಗಳನ್ನು ಅದರ ಹೆಗಲುಗಳೆಂದು ಭಾವಿಸಿದುದರಿಂದ ಈ ಹೆಸರು ಬಂದಿದೆ. ಮರದ ಕೊಂಬೆ ಎಂಬರ್ಥದ, ‘ಬೌ’ ಎಂದೇ ಉಚ್ಚರಿಸುವ ಆದರೆ ಬೇರೆ ಅಕ್ಷರಗಳಲ್ಲಿ ಬರೆಯುವ ಇಂಗ್ಲಿಷ್ ಪದವೂ ಇದರ ಸೋದರರೂಪ. ಇವೆರಡೂ ಇಂಡೋ-ಯುರೋಪಿಯನ್ ಮೂಲದ ಮೂಲಕ ಸಂಸ್ಕೃತದ ‘ಬಾಹು’ ಶಬ್ದಕ್ಕೆ ಜ್ಞಾತಿಗಳು. ಕನ್ನಡದ ಓದುಗನಿಗೆ ತತ್ಸಮವಾಗಿ ಪರಿಚಿತವಾದ ಬಾಹುವಿನ ದೂರದ ಬಂಧುವೊಂದು ಹಡಗಿನ ಮುಂತುದಿಯಲ್ಲಿದೆ.

ಈಗ ಮೂರು ಪದಗಳನ್ನು ಒಟ್ಟಿಗೆ ನೋಡಿದರೆ ವಿಚಿತ್ರವಾದ ಸ್ಥಿತಿ ಗೋಚರಿಸುತ್ತದೆ. ಬಿಲ್ಲು ಮತ್ತು ಬಾಗುವಿಕೆ ಒಂದೇ ಧಾತುವಿನಿಂದ ಹುಟ್ಟಿಯೂ ಉಚ್ಚಾರಣೆಯಲ್ಲಿ ಬೇರೆಯಾಗಿವೆ. ಬಾಗುವಿಕೆ ಮತ್ತು ಹಡಗಿನ ಮುಂಭಾಗ ಸಂಬಂಧವಿಲ್ಲದಿದ್ದರೂ ಉಚ್ಚಾರಣೆಯಲ್ಲಿ ಒಂದಾಗಿವೆ. ಕನ್ನಡ ಲಿಪಿಯಲ್ಲಿ ‘ಬೋ’, ‘ಬೌ’ ಎಂದು ಬರೆದೊಡನೆ ಉಚ್ಚಾರಣೆಯ ಸಂದೇಹ ನಿವಾರಣೆಯಾಗುತ್ತದೆ. ಆದರೆ ಬಂಧುಗಳು ಅಗಲುತ್ತವೆ, ಅಪರಿಚಿತರು ಜೊತೆಗೂಡುತ್ತಾರೆ. ಇಂತಹುದೇ ಇನ್ನೊಂದು ಮೋಸ ಕನ್ನಡದ ‘ಬಾಗು’ ಎಂಬುದರಲ್ಲಿದೆ. ರೂಪದಲ್ಲಿಯೂ ಅರ್ಥದಲ್ಲಿಯೂ ಅದು ‘ಬೂಗನ್’ ಎಂಬುದನ್ನು ಹೋಲುತ್ತದೆ. ಆದರೆ ತಮಿಳಿನ ‘ವಾಂಗು’ ತೋರಿಸುವಂತೆ, ಕನ್ನಡದ ಪದಾದಿಯ ಬಕಾರ ಇಲ್ಲಿ ವಕಾರದಿಂದ ಬಂದುದು. ಪದ ದ್ರಾವಿಡ ಮೂಲದ್ದು. ಸಾದೃಶ್ಯ ಆಕಸ್ಮಿಕ.

ಕನ್ನಡವೂ ಇಂತಹ ಸಮಸ್ಯೆಯಿಂದ ಮುಕ್ತವಲ್ಲ. ಹೊಸಗನ್ನಡದ ‘ಬಾಳು’ ಖಡ್ಗವೂ ಹೌದು, ಬದುಕೂ ಹೌದು. ಹಳಗನ್ನಡದಲ್ಲಿ ಖಡ್ಗ ‘ಬಾಳ್’, ಬದುಕು ‘ಬಾೞ್’. ‘ಅರಿ’ ಎಂಬುದು ಕತ್ತರಿಸು ಎಂದಾಗ ಮೂಲತಃ ರೇಫವುಳ್ಳದ್ದು. ತಿಳಿ ಎಂದಾಗ ‘ಅಱಿ’. ಕೇಶಿರಾಜನು 13ನೆಯ ಶತಮಾನದ ತನ್ನ ‘ಶಬ್ದಮಣಿದರ್ಪಣ’ದಲ್ಲಿ ೞಕಾರದ ಪದಗಳನ್ನು ಪ್ರತ್ಯೇಕವಾಗಿ ನಿರ್ದೇಶಿಸಿದ್ದಾನೆ. ಕನ್ನಡದಲ್ಲಿ ಧ್ವನಿಗಳು ಬೆರೆತ ಮೇಲೆ ಬಳಕೆಯ ಬರಹದಿಂದ ಅಕ್ಷರಗಳೂ ಮರೆಯಾದವು. ಇಂಗ್ಲಿಷಿನಲ್ಲಿ ಧ್ವನಿಗಳು ಬೇರೆಯಾದರೂ ಅಕ್ಷರಗಳು ಹಾಗೆಯೇ ನಿಂತವು. ದಾರಿಗಳು ವಿರುದ್ಧವಾದರೂ ಫಲ ಒಂದೇ: ಭಿನ್ನ ಪದಗಳಿಗೆ ಒಂದೇ ಬರಹ.

ಆದುದರಿಂದ ಇಂಗ್ಲಿಷ್-ಕನ್ನಡ ನಿಘಂಟನ್ನು ರಚಿಸುವವರು ಇಂತಹ ಪದರೂಪವನ್ನು ಒಂದೇ ಉಲ್ಲೇಖದಡಿ ಅರ್ಥಗಳ ಪಟ್ಟಿಯಾಗಿ ಕೊಡುವುದು ಸಮರ್ಪಕವಲ್ಲ. ಮೂರು ಪ್ರತ್ಯೇಕ ಉಲ್ಲೇಖಗಳು, ಪ್ರತಿಯೊಂದಕ್ಕೂ ಕನ್ನಡ ಲಿಪಿಯಲ್ಲಿ ಉಚ್ಚಾರಣೆ, ಮೂಲದ ಸಂಕ್ಷಿಪ್ತ ಸೂಚನೆ ಇರಬೇಕು. ತರಗತಿಯಲ್ಲಿಯೂ ವಿದ್ಯಾರ್ಥಿಗೆ ಪದವನ್ನು ಬಿಡಿಯಾಗಿ ಕಲಿಸದೆ ವಾಕ್ಯದಲ್ಲಿರಿಸಿ ಕಲಿಸಬೇಕು. ಬರಹವನ್ನು ನೋಡಿ ಓದುವವನು ತಪ್ಪಬಹುದು, ಧ್ವನಿಯನ್ನು ಕೇಳಿ ಅರ್ಥೈಸುವವನೂ ತಪ್ಪಬಹುದು. ಅರ್ಥವನ್ನು ನಿರ್ಣಯಿಸುವುದು ಪ್ರಯೋಗ, ಬಾಂಧವ್ಯವನ್ನು ನಿರ್ಣಯಿಸುವುದು ಚರಿತ್ರೆ.