ಚಳಿಗಾಲದಲ್ಲಿಯೂ ಗಟ್ಟಿ ಮೊಸರು

ಜೋಳದ ರೊಟ್ಟಿ, ಶೇಂಗಾ ಹಿಂಡಿ, ಜೊತೆಗೆ ಒಂದಿಷ್ಟು ಮೊಸರು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಭಾಗದ ಮನೆಗಳಲ್ಲಿ ಇದು ನಿತ್ಯದ ಊಟ. ಬೇಸಿಗೆಯಲ್ಲಿ ಇಲ್ಲಿ ಹೆಪ್ಪು ಹಾಕಿದ ಹಾಲು ಬೇಗನೆ ಮೊಸರಾಗಿ, ಹೊತ್ತೇರುವುದರೊಳಗೆ ಹುಳಿಯೂ ಆಗುತ್ತದೆ. ಡಿಸೆಂಬರ್, ಜನವರಿ ತಿಂಗಳ ಚಳಿಯಲ್ಲಿ ಮಾತ್ರ ರಾತ್ರಿ ಹೆಪ್ಪು ಹಾಕಿದ್ದು ಬೆಳಗಾದರೂ ಹಾಲಾಗಿಯೇ ಇರುತ್ತದೆ. ಕೆಲವೊಮ್ಮೆ ಲೋಳೆಯಾಗಿ ಕೆಡುತ್ತದೆ. ಒಂದೇ ಎಮ್ಮೆ ಇರುವ ಮನೆಯಲ್ಲಿ ಒಂದು ಹೊತ್ತಿನ ಹಾಲು ಕೆಟ್ಟರೆ ಮಕ್ಕಳ ಊಟಕ್ಕೇ ಕೊರತೆ. ಇದಕ್ಕೆ ಮನೆಯಾಕೆಯ ಕೈಗುಣವನ್ನು ದೂರುವವರುಂಟು. ಆದರೆ ಹೆಚ್ಚಾಗಿ ತಪ್ಪುವುದು ಕಾವು.

ಮೊಸರು ಆಗುವ ಬಗೆ

ಹೆಪ್ಪಿನಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳಿವೆ. ಬಲ್ಗೇರಿಯಾ ದೇಶದ ಸ್ಟಾಮೆನ್ ಗ್ರಿಗೊರೊವ್ ಎಂಬ ವೈದ್ಯವಿದ್ಯಾರ್ಥಿ ೧೯೦೫ರಲ್ಲಿ ತನ್ನ ನಾಡಿನ ಮೊಸರಿನಲ್ಲಿ ಇಂಥದೊಂದನ್ನು ಗುರುತಿಸಿದನು. ಇವು ಹಾಲಿನ ಸಕ್ಕರೆಯನ್ನು ತಿಂದು ಹುಳಿಯನ್ನು ಉಂಟುಮಾಡುತ್ತವೆ. ಆ ಹುಳಿಯಿಂದ ಹಾಲು ಗಟ್ಟಿಯಾಗುತ್ತದೆ. ಸುಮಾರು ೪೦ರಿಂದ ೪೫ ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಇವು ಚುರುಕಾಗಿ ಬೆಳೆಯುತ್ತವೆ. ಹಾಲು ಬಹಳ ಬಿಸಿ ಇದ್ದರೆ ಸಾಯುತ್ತವೆ. ತಣ್ಣಗಿದ್ದರೆ ಮಂಕಾಗುತ್ತವೆ, ಆಗ ಬೇರೆ ಕೆಟ್ಟ ಜೀವಿಗಳು ಹಾಲನ್ನು ಹಿಡಿಯುತ್ತವೆ.

ಹೆಪ್ಪು ಹಾಕುವ ಕ್ರಮ

೧. ಹಾಲನ್ನು ಚೆನ್ನಾಗಿ ಉಕ್ಕು ಬರುವವರೆಗೆ ಕಾಸಿ, ಮತ್ತೆ ಕೆಲವು ನಿಮಿಷ ಸಣ್ಣ ಉರಿಯಲ್ಲಿಡಬೇಕು. ಇದರಿಂದ ಕ್ಷಯ ಮೊದಲಾದ ರೋಗಗಳ ಜೀವಿಗಳು ಸಾಯುತ್ತವೆ, ಮೊಸರೂ ಗಟ್ಟಿಯಾಗುತ್ತದೆ.

೨. ಹಾಲು ಉಗುರುಬೆಚ್ಚಗಿಗಿಂತ ತುಸು ಹೆಚ್ಚು ಬಿಸಿ ಇರುವಾಗ ಹೆಪ್ಪು ಹಾಕಬೇಕು. ಶುದ್ಧ ಚಮಚದಿಂದ ಒಂದು ಹನಿಯನ್ನು ಮುಂಗೈ ಮೇಲೆ ಬಿಟ್ಟು ನೋಡಿರಿ. ಬೆಚ್ಚಗೆನಿಸಬೇಕು, ಚುರುಗುಟ್ಟಬಾರದು.

೩. ಒಂದು ಲೀಟರ್ ಹಾಲಿಗೆ ಬೇಸಿಗೆಯಲ್ಲಿ ಒಂದು ಸಣ್ಣ ಚಮಚ, ಚಳಿಗಾಲದಲ್ಲಿ ಎರಡು ಮೂರು ಸಣ್ಣ ಚಮಚ ಹೆಪ್ಪು ಸಾಕು. ಹೆಪ್ಪು ಹಿಂದಿನ ದಿನದ ಸಿಹಿ ಮೊಸರಿನದಾಗಿರಲಿ.

೪. ಮಣ್ಣಿನ ಗಡಿಗೆ, ಸ್ಟೀಲ್ ಇಲ್ಲವೆ ಪಿಂಗಾಣಿ ಪಾತ್ರೆ ಉತ್ತಮ. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆ ಬೇಡ. ಹುಳಿ ತಗುಲಿದರೆ ಅವು ಕಿಲುಬುತ್ತವೆ.

೫. ಹೆಪ್ಪು ಬೆರೆಸಿದ ಮೇಲೆ ಪಾತ್ರೆಯನ್ನು ಅಲುಗಾಡಿಸಬಾರದು.

ಕಾವು ಕಾಯುವ ಬುಟ್ಟಿ

ನಮ್ಮ ಭಾಗದ ಮನೆಗಳಲ್ಲಿ ನೆಲಕ್ಕೆ ಶಹಾಬಾದ ಕಲ್ಲು ಹಾಸಿರುವುದುಂಟು. ಚಳಿಗಾಲದ ರಾತ್ರಿ ಆ ಕಲ್ಲು ಪಾತ್ರೆಯ ಬಿಸಿಯನ್ನು ಬೇಗನೆ ಹೀರುತ್ತದೆ. ಆದ್ದರಿಂದ ಪಾತ್ರೆಯನ್ನು ಬರಿಯ ನೆಲದ ಮೇಲೆ ಇಡಬೇಡಿರಿ.

ಒಂದು ಬುಟ್ಟಿಯ ತಳಕ್ಕೆ ನಾಲ್ಕು ಬೆರಳು ದಪ್ಪ ಒಣ ತೊಗರಿ ಹೊಟ್ಟು ಅಥವಾ ಹುಲ್ಲು ಹಾಸಿರಿ. ಪಾತ್ರೆಗೆ ಬಿಗಿಯಾದ ಮುಚ್ಚಳ ಹಾಕಿ, ಬಟ್ಟೆ ಸುತ್ತಿ ಬುಟ್ಟಿಯಲ್ಲಿಟ್ಟು, ಸುತ್ತಲೂ ಅದನ್ನೇ ತುಂಬಿರಿ. ಮೇಲೆ ಕಂಬಳಿ ಹೊದಿಸಿರಿ. ಹೊಟ್ಟಿನ ಸಂದುಗಳಲ್ಲಿರುವ ಗಾಳಿಯು ಬಿಸಿಯನ್ನು ಹೊರಗೆ ಬಿಡದು. ಸಂಜೆ ಇಟ್ಟರೆ ಬೆಳಗಿನ ಹೊತ್ತಿಗೆ ಮೊಸರು ಸಿದ್ಧ. ಹಾಲು ಕಡಿಮೆ ಇದ್ದರೆ ಬೇಗ ಆರುತ್ತದೆ. ಪಕ್ಕದಲ್ಲಿ ಬಿಸಿನೀರಿನ ತಂಬಿಗೆಯೊಂದನ್ನು ಮುಚ್ಚಿ ಇಡಬಹುದು.

ಕೆಲವು ಮನೆಗಳಲ್ಲಿ ಸ್ಲೋ ಕುಕ್ಕರ್ ಎಂಬ ಮಂದ ಕಾವಿನ ವಿದ್ಯುತ್ ಪಾತ್ರೆ ಇರಬಹುದು. ಅದರ ದಪ್ಪ ಪಿಂಗಾಣಿ ಪಾತ್ರೆಯನ್ನು ತುಸು ಬೆಚ್ಚಗೆ ಮಾಡಿ, ವಿದ್ಯುತ್ತನ್ನು ಆರಿಸಿ, ಹೆಪ್ಪು ಹಾಕಿದ ಹಾಲನ್ನು ಸುರಿದು ಕಂಬಳಿ ಸುತ್ತಿಟ್ಟರೆ ಇದೇ ಫಲ ಸಿಗುತ್ತದೆ. ಆರಿಸದೆ ಬಿಟ್ಟರೆ ಕಾವು ಏರಿ ಹೆಪ್ಪು ಸಾಯುತ್ತದೆ. ಬುಟ್ಟಿಗಾದರೋ ಖರ್ಚೂ ಇಲ್ಲ, ವಿದ್ಯುತ್ತು ಹೋಗುವ ಚಿಂತೆಯೂ ಇಲ್ಲ.

ಬೇಸಿಗೆಯಲ್ಲಿ ಬುಟ್ಟಿ ಬೇಡ. ಆಗ ಅದೇ ಕಲ್ಲುನೆಲ ಉಪಕಾರಿ. ಮೊಸರು ಗಟ್ಟಿಯಾದ ಕೂಡಲೆ ಪಾತ್ರೆಯನ್ನು ನೆರಳಿನ ತಣ್ಣನೆಯ ಕಲ್ಲಿನ ಮೇಲಿಟ್ಟು ಒದ್ದೆ ಬಟ್ಟೆ ಸುತ್ತಿದರೆ ಹುಳಿಯಾಗುವುದು ನಿಧಾನವಾಗುತ್ತದೆ.

ಆದರೂ ಹೆಪ್ಪಾಗದಿದ್ದರೆ

ಎಲ್ಲವೂ ಸರಿಯಿದ್ದು ಹಾಲು ಹೆಪ್ಪಾಗದಿದ್ದರೆ ದನದ ಕಡೆ ಗಮನ ಕೊಡಿರಿ. ಕೆಚ್ಚಲು ಬಾವಿಗೆ ಔಷಧ ಕೊಡಿಸಿದ್ದರೆ ಅದರ ಅಂಶ ಹಾಲಿಗೆ ಇಳಿದು ಹೆಪ್ಪಿನ ಜೀವಿಗಳನ್ನು ಕೊಲ್ಲುತ್ತದೆ. ಪಶುವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಮನೆಯಲ್ಲಿ ಬಳಸಬಾರದು, ಮಾರಲೂಬಾರದು.

ಈ ಚಳಿಗಾಲದಲ್ಲಿ ಒಂದು ಬುಟ್ಟಿ ಹೊಟ್ಟು ತೆಗೆದಿರಿಸಿ ಈ ಕ್ರಮವನ್ನು ಮಾಡಿ ನೋಡಿರಿ. ನೆರೆಯ ತಾಯಂದಿರಿಗೂ ತೋರಿಸಿಕೊಡಿರಿ. ಮನೆಯ ಹಾಲು ಮನೆಯಲ್ಲಿಯೇ ಮೊಸರಾಗಿ ಮಕ್ಕಳ ತಾಟಿಗೆ ಬರಲಿ.