ಕಾಡ್ಗಿಚ್ಚು ಆರಿದ ಮೇಲೆ ಪೋಡಿಗೆ ಕರೆಂಟು: ಸೋಲಿಗರ ನಾಡಿನಿಂದ ಒಂದು ವಿಚಾರ

ನಾನು ಅಕ್ಕಲಕೋಟದಿಂದ ಮಾತಾಡ್ತಾ ಇದೀನಿ. ಸಾಹಿತ್ಯ ಓದೋರಿಗೆ ಕರೆಂಟಿನ ಕಂಬದ ಜೊತೆ ಏನು ಕೆಲಸ ಅಂತ ನೀವು ಕೇಳಬಹುದು. ನನ್ನ ಉತ್ತರ ಒಂದು ಪದದಿಂದ ಶುರುವಾಗುತ್ತೆ: ತರಗುಬೆಂಕಿ.

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ಪೋಡುಗಳಿವೆ. ಬೇಸಿಗೆಯ ಆರಂಭದಲ್ಲಿ ನೆಲದ ಒಣ ಎಲೆಗೆ ಅವರು ಹಚ್ಚುತ್ತಿದ್ದ ಸಣ್ಣ ಬೆಂಕಿಯೇ ತರಗುಬೆಂಕಿ. ಅದು ಮರವನ್ನು ಸುಡುವುದಿಲ್ಲ. ಲಂಟಾನದ ಎಳೆ ಗಿಡಗಳನ್ನೂ ನೆಲ್ಲಿಮರಕ್ಕೆ ಅಂಟುವ ಬಂದಳಿಕೆಯನ್ನೂ ಹದ್ದಿನಲ್ಲಿಡುತ್ತದೆ ಎನ್ನುವುದು ಸೋಲಿಗರ ತಿಳಿವಳಿಕೆ. ಕಾಡ್ಗಿಚ್ಚು ಬೇರೆ, ಅದು ಮರದ ತಲೆಗೇರುವ ಬೆಂಕಿ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಮು ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದನ್ನೇ ನಿಷೇಧಿಸುತ್ತದೆ. ಈ ಎರಡು ಪದಗಳ ನಡುವಿನ ಅಂತರ ಅಲ್ಲಿ ಅಳಿಸಿಹೋಗುತ್ತದೆ. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು, ತರಗುಬೆಂಕಿ ನಿಂತಿತು, ಲಂಟಾನ ಹಬ್ಬಿತು. ಒಣಗಿದ ಲಂಟಾನ ಅಂದ್ರೆ ನೆಲದಿಂದ ಕೊಂಬೆಗೆ ಬೆಂಕಿ ಏರೋಕೆ ಇಟ್ಟ ಏಣಿ ಇದ್ದಂಗೆ.

ಈಗ ಕಂಬದ ವಿಷಯಕ್ಕೆ ಬರ್ತೀನಿ. 2021ರ ಜೂನ್ 30ರಂದು ಕೆನಡಾದ ಲಿಟನ್ ಊರು ಸುಟ್ಟಿತು. ಹಿಂದಿನ ದಿನವಷ್ಟೇ ಅಲ್ಲಿ 49.6 ಡಿಗ್ರಿ ತಾಪಮಾನ ದಾಖಲಾಗಿತ್ತು. ಅದು ಎನ್ಲಾಕಾಪಮುಖ್ ಮೂಲನಿವಾಸಿಗಳ ನೆಲ. ಅಲ್ಲಿಯಂಥ ಕಡೆ ಮರದ ಕಂಬಗಳೇ ಹೆಚ್ಚು, ಅವು ಬುಡದಿಂದಲೇ ಉರಿದುಹೋಗುತ್ತವೆ. ನಮ್ಮಲ್ಲಿ ಕಾಂಕ್ರೀಟ್ ಕಂಬಗಳೇ ಹೆಚ್ಚು. ಅವು ನಿಂತೇ ಇರುತ್ತವೆ, ಆದರೆ ಕಾವಿಗೆ ಬಿರುಕು ಬಿಡಬಹುದು. ಅಲ್ಯೂಮಿನಿಯಂ ತಂತಿ ಹೊರಗಿನಿಂದ ಸರಿಯಾಗಿಯೇ ಕಂಡರೂ ಹೆಚ್ಚು ಕಾದಾಗ ಬಲ ಕಳೆದುಕೊಂಡು ಜೋತು ಬೀಳುತ್ತದೆ. ಪಿಂಗಾಣಿ ಇನ್ಸುಲೇಟರ್ ಸೀಳುತ್ತದೆ.

ಹೀಗಾಗಿ ಬೆಂಕಿ ಆರಿತು ಅಂತ ಸ್ವಿಚ್ ಒತ್ತೋಕಾಗಲ್ಲ. ಮೊದಲು ಆ ಭಾಗವನ್ನು ಜಾಲದಿಂದ ಬೇರ್ಪಡಿಸಿ, ಲೈನಿನ ಉದ್ದಕ್ಕೂ ನಡೆದು ನೋಡಬೇಕು. ಬುಡ ಸುಟ್ಟ ಮರಗಳು ವಾರಗಳ ನಂತರವೂ ತಂತಿಯ ಮೇಲೆ ಬೀಳಬಹುದು, ಅವನ್ನು ತೆಗೆಯಬೇಕು. ಕೆಟ್ಟದ್ದನ್ನು ಬದಲಾಯಿಸಿ, ಟ್ರಾನ್ಸ್‌ಫಾರ್ಮರಿನ ನಿರೋಧವನ್ನು ಮೆಗ್ಗರಿನಿಂದ ಅಳೆದು, ತುಂಡುತುಂಡಾಗಿ ವಿದ್ಯುತ್ ಹರಿಸಬೇಕು. ಅವಸರ ಮಾಡಿದರೆ ಅದೇ ಲೈನು ಮುಂದಿನ ಬೆಂಕಿಯ ಕಿಡಿ ಆಗುತ್ತೆ. ಸೊಲ್ಲಾಪುರದ ಕಡೆ ಕಬ್ಬು ಬೆಳೆಯೋರಿಗೆ ಜೋತು ಬಿದ್ದ ತಂತಿಯ ಭಯವನ್ನ ಬಿಡಿಸಿ ಹೇಳೋದು ಬೇಕಾಗಿಲ್ಲ.

ಕಾಡಿನಲ್ಲಿ ಇನ್ನೊಂದು ಮೆಟ್ಟಿಲಿದೆ: ಅನುಮತಿ. 2006ರ ಅರಣ್ಯ ಹಕ್ಕು ಕಾಯ್ದೆಯ ಕಲಂ 3(2) ಶಾಲೆ, ರಸ್ತೆಗಳ ಜೊತೆಗೆ ವಿದ್ಯುತ್ ಲೈನಿಗೂ ದಾರಿ ಬಿಡುತ್ತದೆ. ಷರತ್ತುಗಳು ಮೂರು: ಜಾಗ 1 ಹೆಕ್ಟೇರಿಗಿಂತ ಕಡಿಮೆ ಇರಬೇಕು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯಬಾರದು, ಗ್ರಾಮಸಭೆ ಶಿಫಾರಸು ಮಾಡಬೇಕು. ಮೂರನೆಯದೇ ನನಗೆ ಮುಖ್ಯ. ಬೆಟ್ಟ 2011ರಲ್ಲಿ ಹುಲಿ ಮೀಸಲು ಪ್ರದೇಶವಾಯಿತು. ಅದೇ ವರ್ಷ ಅಲ್ಲಿಯ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕುಗಳೂ ಸಿಕ್ಕವು. ಅಂದರೆ ಅವರು ಬೆಳಕಿಗಾಗಿ ಕಾಯುವ ಫಲಾನುಭವಿಗಳಷ್ಟೇ ಅಲ್ಲ, ಲೈನು ಎಲ್ಲಿ ಹಾಯಬೇಕು ಅಂತ ಹೇಳುವ ಅಧಿಕಾರ ಇರೋರು.

ಉದ್ದದ ಲೈನೇ ಬೇಕಾ ಅನ್ನೋದೂ ಅಲ್ಲೇ ತೀರ್ಮಾನವಾಗಬೇಕು. ಕೆಲವೇ ಮನೆಗಳ ಪೋಡಿಗೆ ಸೌರ ಫಲಕ, ಬ್ಯಾಟರಿ ಸಾಕಾಗಬಹುದು. ಆಗ ಕಾಡಿನ ನಡುವೆ ಸುಡೋಕೆ ತಂತಿಯೇ ಇರಲ್ಲ. ಆದರೆ ಬ್ಯಾಟರಿ ಸವೆದಾಗ ಬದಲಾಯಿಸೋರು ಯಾರು ಅಂತ ಮೊದಲೇ ಬರೆದಿಡದಿದ್ದರೆ, ಬೆಂಕಿ ಇಲ್ಲದೆಯೂ ಪೋಡು ಮತ್ತೆ ಕತ್ತಲಾಗುತ್ತದೆ.

ಸುಟ್ಟ ಕಂಬವನ್ನು ಒಂದು ವಾರದಲ್ಲಿ ನೆಡಬಹುದು. ಅದರ ಸುತ್ತಲಿನ ಲಂಟಾನವನ್ನು ಯಾವಾಗ, ಹೇಗೆ ತೆಗೆಯಬೇಕು ಅನ್ನೋದು ತರಗುಬೆಂಕಿ ಎಂಬ ಪದ ಬಲ್ಲವರಿಗೆ ಗೊತ್ತು. ಲೈನಿನ ಯೋಜನೆ ಬರೆಯುವಾಗ ಅವರನ್ನು ಕೇಳಿ ಅನ್ನೋದಷ್ಟೇ ನನ್ನ ಮಾತು.